ನೀರು ಮಾತ್ರ ಕುದಿಸಿದ ಬಟ್ಟಿ

ಹೋದ ತಿಂಗಳು ಒಬ್ಬ ಹುಡುಗ ನನ್ನ ವರ್ಕ್‌ಶಾಪಿಗೆ ಬಂದ. ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಗ್ರಿಲ್, ಅಡಿಕೆ ಒಣಗಿಸುವ ಗೂಡಿನ ಫ್ರೇಮು, ಏನು ಬಂದರೂ ಮಾಡುತ್ತೇನೆ. ಅವನು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ತಾಮ್ರದ ಪಾತ್ರೆ, ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಪೈಪು, ಪಕ್ಕದ ಬಕೆಟ್ಟಿನಲ್ಲಿ ಸುರುಳಿ.

"ಅಣ್ಣಾ, ಇಂಥದ್ದೊಂದು ಮಾಡಿಕೊಡ್ತೀರಾ? ಮನೆ ಬಳಕೆಗೆ ಮಾತ್ರ. ವಿಸ್ಕಿ ಮಾಡಿ ನೋಡ್ಬೇಕು ಅಂತ ಆಸೆ."

ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಿದ. ಉತ್ತರ ಹೇಳಿ ಮುಗಿಸಲು ಒಂದು ಗಂಟೆ ಹಿಡಿಯಿತು, ಯಾಕೆಂದರೆ ಆ ಚಿತ್ರದಲ್ಲಿದ್ದಂಥ ಪಾತ್ರೆಯನ್ನೇ ನಾನು 2020ರಲ್ಲಿ ಕೈಯಾರೆ ಮಾಡಿದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು.

ಆ ವರ್ಷದ ಮಾರ್ಚ್ ಕೊನೆ, ಲಾಕ್‌ಡೌನ್. ಕಾಸರಗೋಡಿನವರಿಗೆ ಆ ದಿನಗಳನ್ನು ನೆನಪು ಮಾಡಿಕೊಡಬೇಕಾಗಿಲ್ಲ. ತಲಪಾಡಿಯಲ್ಲಿ ಗಡಿ ಬಂದ್, ಒಳದಾರಿಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದಿದ್ದರು, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ದಾರಿಯಲ್ಲೇ ಉಳಿದರು. ಅದರ ಮುಂದೆ ಮದ್ಯದಂಗಡಿ ಮುಚ್ಚಿದ್ದು ಏನೂ ಅಲ್ಲ. ಆದರೆ ಮುಚ್ಚಿದ್ದಂತೂ ಹೌದು, ಕೇರಳದಲ್ಲಿ ಮೇ ಕೊನೆಯ ತನಕ ತೆರೆಯಲಿಲ್ಲ. ಡಾಕ್ಟರ ಚೀಟಿ ಇದ್ದವರಿಗೆ ಕೊಡಬಹುದು ಅಂತ ಸರ್ಕಾರ ಒಂದು ಆದೇಶ ಮಾಡಿತು, ಹೈಕೋರ್ಟು ಅದಕ್ಕೂ ತಡೆ ಕೊಟ್ಟಿತು. ಆಗ ಪೇಪರ್ ತೆರೆದರೆ ಒಂದೇ ಥರದ ಸುದ್ದಿ. ಇಂಥಲ್ಲಿ ಬಟ್ಟಿ ಇಳಿಸಲು ಹುಳಿಯಲಿಟ್ಟ ರಸ, ಅಂದರೆ ಹುಳಿರಸ, ಇಷ್ಟು ಲೀಟರ್ ವಶ, ಇನ್ನೊಂದು ಕಡೆ ಮನೆಯ ಕುಕ್ಕರಿನಲ್ಲೇ ಕಳ್ಳಬಟ್ಟಿ. ಗೇರುಹಣ್ಣಿನ ಕಾಲ ಬೇರೆ. ಬೀಜ ಹೆಕ್ಕಿ ಬಿಟ್ಟ ಹಣ್ಣು ಗುಡ್ಡೆಯಲ್ಲೆಲ್ಲ ಕೊಳೆತು ಆ ವಾಸನೆ ಅಂಗಳದ ತನಕ ಬರುತ್ತಿತ್ತು.

ನನ್ನ ಅಕ್ಕನ ಗಂಡ ಫೆಬ್ರವರಿಯಲ್ಲಿ ಗಲ್ಫಿನಿಂದ ರಜೆಗೆ ಬಂದವರು ಇಲ್ಲೇ ಸಿಕ್ಕಿಬಿದ್ದಿದ್ದರು. ಅವರು ಕುಡುಕರಲ್ಲ. ವಾರಕ್ಕೊಮ್ಮೆ ಎರಡು ಪೆಗ್ ವಿಸ್ಕಿ, ಅದೂ ಒಳ್ಳೆಯದೇ ಆಗಬೇಕು. ಒಂದು ಸಂಜೆ ಅವರೇ ಶುರು ಮಾಡಿದರು. "ಮಾರಾಯ, ನಿನಗೆ ವೆಲ್ಡಿಂಗ್ ಗೊತ್ತು. ನನಗೆ ಬೇಕಾದಷ್ಟು ಪುರುಸೊತ್ತು ಇದೆ. ಈ ಗೇರುಹಣ್ಣಿನದ್ದು ಬೇಡ, ಸರಿಯಾಗಿ ಕಲಿತು ವಿಸ್ಕಿಯೇ ಮಾಡುವ."

"ನೋಡುವ ಭಾವ" ಅಂದೆ. ನನಗೆ ಕುಡಿಯುವ ಆಸೆಗಿಂತ ಮಾಡುವ ಆಸೆ ಜಾಸ್ತಿ ಇತ್ತು. ಅಂಗಡಿ ಮುಚ್ಚಿ ಕೈ ಕಟ್ಟಿ ಕೂತಿದ್ದೆ ಅಲ್ವಾ.

ಓದಲು ಶುರು ಮಾಡಿದ ಮೇಲೆ ವಿಷಯ ನಿಜಕ್ಕೂ ಹಿಡಿಸಿತು. ಮಾಲ್ಟ್ ಅಂದರೆ ಏನೋ ವಿದೇಶಿ ವಸ್ತು ಅಂದುಕೊಂಡಿದ್ದೆ. ನಮ್ಮ ರಾಗಿ ಮಾಲ್ಟಿನ ಮಾಲ್ಟೇ ಅದು. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವ ಹುಟ್ಟುತ್ತದೆ. ಪುಡಿ ಮಾಡಿ ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಇಟ್ಟರೆ ಆ ಕಿಣ್ವ ಹಿಟ್ಟಿನಂಶವನ್ನು ಸಕ್ಕರೆ ಮಾಡುತ್ತದೆ, ಆ ಸಿಹಿ ನೀರನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಅಲ್ಲಿಗೆ ಶೇಕಡಾ 8ರ ಆಸುಪಾಸಿನ ಒಂದು ಹುಳಿರಸ. ಅದನ್ನು ತಾಮ್ರದ ಪಾತ್ರೆಯಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ತಾಮ್ರವೇ ಯಾಕೆ ಅಂದರೆ, ಹುಳಿಯುವಾಗ ಬರುವ ಗಂಧಕದ ಕೆಟ್ಟ ವಾಸನೆಯನ್ನು ತಾಮ್ರ ಹಿಡಿದುಕೊಳ್ಳುತ್ತದೆ. ಲೋಹದ ಕೆಲಸದವನಾದ ನನಗೆ ಇದನ್ನು ಓದಿ ಎಷ್ಟು ಖುಷಿಯಾಯಿತು ಅಂದರೆ ರಾತ್ರಿ ನಿದ್ದೆ ಬರಲಿಲ್ಲ.

ಬಾರ್ಲಿ ತಂದೆವು. ಮೂರು ದಿನ ಕಾದರೂ ಮೊಳಕೆ ಇಲ್ಲ. ಅಂಗಡಿಯಲ್ಲಿ ಸಿಗುವ ಬಾರ್ಲಿ ಸಿಪ್ಪೆ ತೆಗೆದು ಪಾಲಿಶ್ ಮಾಡಿದ್ದು, ಅದು ಮೊಳೆಯುವುದೇ ಇಲ್ಲ. ಆಮೇಲೆ ರಾಗಿ ನೆನೆಸಿದೆವು, ಅದು ಚೆನ್ನಾಗಿ ಬಂತು. ಆ ಮೊಳಕೆ ರಾಗಿಯನ್ನು ಅಮ್ಮ ನೋಡಿ ಮಕ್ಕಳಿಗೆ ಗಂಜಿ ಮಾಡಲು ಅಂತ ಎತ್ತಿಕೊಂಡು ಹೋದರು. ಏನಕ್ಕೆ ಅಂತ ಅವರಿಗೆ ನಾವು ಹೇಳಿರಲಿಲ್ಲ.

ಪಾತ್ರೆಯ ಕೆಲಸ ಮಾತ್ರ ನಿಲ್ಲಲಿಲ್ಲ. ಅಜ್ಜಿಯ ಕಾಲದ ಒಂದು ತಾಮ್ರದ ಹಂಡೆ ಕೊಟ್ಟಿಗೆಯ ಅಟ್ಟದಲ್ಲಿತ್ತು. ಅದಕ್ಕೆ ದಪ್ಪ ಮುಚ್ಚಳ ಮಾಡಿ, ಸುತ್ತ ಬೋಲ್ಟ್ ಕೊಟ್ಟು, ನಡುವೆ ರಬ್ಬರ್ ಗ್ಯಾಸ್ಕೆಟ್ ಹಾಕಿ, ಎಲ್ಲೂ ಹನಿ ಹಬೆ ಸೋರದ ಹಾಗೆ ಬಿಗಿದೆ. ಎಸಿ ಕೆಲಸದವರ ಹತ್ತಿರ ಉಳಿದಿದ್ದ ತಾಮ್ರದ ಪೈಪಿನಿಂದ ಸುರುಳಿ ಮಾಡಿದೆ. ಸಪೂರ ಪೈಪನ್ನು ಹಾಗೇ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ, ಅದಕ್ಕೆ ಒಳಗೆ ಒಣ ಹೊಯ್ಗೆ (ಮರಳು) ತುಂಬಿ ಎರಡೂ ತುದಿ ಮುಚ್ಚಿ ಬಗ್ಗಿಸುವುದು ನಮ್ಮ ಕ್ರಮ. ಬಗ್ಗಿಸಿದೆ, ಹೊಯ್ಗೆ ಕೊಡವಿ ತೆಗೆದೆ, ಜೋಡಿಸಿದೆ.

ಹುಳಿರಸ ಹಾಕುವ ಮೊದಲು ಬರೀ ನೀರು ಹಾಕಿ ನೋಡುವ ಅಂತ ತೀರ್ಮಾನಿಸಿದ್ದು ಇಡೀ ಕಥೆಯಲ್ಲಿ ನಾವು ಮಾಡಿದ ಒಂದೇ ಒಳ್ಳೆಯ ಕೆಲಸ. ಮೇ ತಿಂಗಳ ಒಂದು ಮಧ್ಯಾಹ್ನ, ಕೊಟ್ಟಿಗೆಯ ಪಕ್ಕ ಕಲ್ಲು ಜೋಡಿಸಿ, ಅರ್ಧ ಹಂಡೆ ನೀರು, ಕೆಳಗೆ ತೆಂಗಿನ ಮಡಲಿನ ಬೆಂಕಿ. ನೀರು ಕುದಿಯುವ ಸದ್ದು ಕೇಳಿಸಿತು. ಸುರುಳಿಯ ತುದಿಯಲ್ಲಿ ನಾಲ್ಕು ಹನಿ ಬಂತು, ನಿಂತಿತು. ಇನ್ನಷ್ಟು ಬೆಂಕಿ ಬೇಕೇನೋ ಅಂತ ಭಾವ ಎರಡು ಕೊತ್ತಳಿಗೆ ತುರುಕಿದರು. ನಾನು ತುದಿಗೆ ಬಗ್ಗಿ ನೋಡುತ್ತಿದ್ದೆ. ಆಗ ಹಂಡೆಯ ಸದ್ದು ಬದಲಾಯಿತು, ಒಂದು ಥರ ಮುಲುಕಿದ ಹಾಗೆ, ಮರುಕ್ಷಣ ಮುಚ್ಚಳದ ಒಂದು ಬದಿ ಹಾರಿತು. ಗ್ಯಾಸ್ಕೆಟ್ ಕಿತ್ತು ಹೋಗಿ, ಒಂದು ಬೋಲ್ಟ್ ಮಾಡಿನ ಹಂಚು ಒಡೆದುಕೊಂಡು ಮೇಲೆ ಹೋಯಿತು. ಹಬೆ ನನ್ನ ಎಡಗೈಗೆ ಮೊಣಕೈಯಿಂದ ಬೆರಳ ತನಕ ಹೊಡೆಯಿತು. ಮುಖ ಸ್ವಲ್ಪ ಆಚೆ ಇದ್ದದ್ದು ನನ್ನ ಪುಣ್ಯ.

ಕಾರಣ ಮರುದಿನ ಗೊತ್ತಾಯಿತು. ಭಾವ ಸುರುಳಿಯನ್ನು ಕತ್ತರಿಸಿ ನೋಡಿದರು. ಎರಡನೇ ಸುತ್ತಿನಲ್ಲಿ ಹೊಯ್ಗೆ ಉಳಿದಿತ್ತು, ನೀರು ತಾಗಿದ್ದೇ ಅದು ಗಾರೆಯ ಹಾಗೆ ಕಟ್ಟಿಕೊಂಡಿತ್ತು. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಹೋಗಲು ದಾರಿ ಇಲ್ಲ. ನಾನು ಎಷ್ಟು ಚೆಂದ ಬಿಗಿದಿದ್ದೆನೋ ಹಂಡೆ ಅಷ್ಟೇ ಬಾಂಬು ಆಗಿತ್ತು. ಹಿಂದಿನವರು ಬಟ್ಟಿಯ ಬಾಯಿಗೆ ಮಣ್ಣು ಮೆತ್ತುವುದು, ಹಿಟ್ಟಿನ ಕಣಕ ಅಂಟಿಸುವುದು ಎಲ್ಲ ಬಡತನಕ್ಕೆ ಅಂದುಕೊಂಡಿದ್ದೆ. ಅದು ಬಡತನ ಅಲ್ಲ. ಒತ್ತಡ ಜಾಸ್ತಿಯಾದರೆ ಮೊದಲು ಕಿತ್ತು ಬರುವುದು ಆ ಮಣ್ಣು. ಕುಕ್ಕರಿನಲ್ಲಿ ಮಾಡುವವರು ಸೀಟಿ ಕೂರುವ ಜಾಗಕ್ಕೇ ಪೈಪ್ ಸಿಕ್ಕಿಸುತ್ತಾರೆ. ಹುಳಿರಸದಲ್ಲಿ ಹಿಪ್ಪೆ ಇರುತ್ತದೆ, ಹಿಪ್ಪೆ ಉಕ್ಕಿ ಪೈಪಿನಲ್ಲಿ ಕಟ್ಟಿದರೆ ಅಲ್ಲೂ ಇದೇ ಕಥೆ.

ನನ್ನ ಹಂಡೆಯಲ್ಲಿದ್ದದ್ದು ನೀರು. ಹುಳಿರಸ ಇದ್ದಿದ್ದರೆ? ಈ ಪ್ರಶ್ನೆ ಹಿಡಿದುಕೊಂಡು ಕೈಗೆ ಮುಲಾಮು ಹಚ್ಚಿ ಮಲಗಿದ್ದಾಗ ಮತ್ತೆ ಓದಿದೆ. ಆಲ್ಕೋಹಾಲಿನ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಒಲೆಯನ್ನೇ ಹುಡುಕಿಕೊಂಡು ಬರುತ್ತದೆ. ಗಾಳಿಯಲ್ಲಿ ಶೇಕಡಾ 3ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಶೇಕಡಾ 40ರ ವಿಸ್ಕಿಯ ಮೇಲಿನ ಆವಿಗೆ ಬೆಂಕಿ ಹತ್ತಲು 26 ಡಿಗ್ರಿ ಸಾಕಂತೆ. ನಮ್ಮ ಮೇ ತಿಂಗಳಲ್ಲಿ ನೆರಳಿನಲ್ಲೂ ಅದಕ್ಕಿಂತ ಜಾಸ್ತಿ ಇರುತ್ತದೆ. ಅಂದರೆ ಮಡಲಿನ ಬೆಂಕಿಯ ಎರಡು ಮೊಳ ದೂರದಲ್ಲಿ ಬಾಟಲಿ ಹಿಡಿದು ಕೂರುವುದು, ಪೆಟ್ರೋಲ್ ಹಿಡಿದು ಕೂತದ್ದಕ್ಕಿಂತ ಬಹಳ ಬೇರೆ ಏನಲ್ಲ. ಎಥನಾಲಿನ ಜ್ವಾಲೆ ನಸು ನೀಲಿ, ಬಿಸಿಲಿನಲ್ಲಿ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ.

ಇನ್ನೊಂದು ವಿಷಯ ನನ್ನ ಕಸುಬಿನದ್ದೇ, ಆದರೂ ನಾನು ಯೋಚಿಸಿರಲಿಲ್ಲ. ಆ ಹಂಡೆಗೆ ಹಿಂದೆ ಯಾರೋ ಎರಡು ಕಡೆ ಬೆಸುಗೆ ಹಾಕಿದ್ದರು. ಸಾಮಾನ್ಯ ಬೆಸುಗೆ ಅಂದರೆ 60 ಪಾಲು ತವರ, 40 ಪಾಲು ಸೀಸ. ಸ್ನಾನದ ನೀರಿಗೆ ಅದು ನಡೆಯುತ್ತದೆ. ಹುಳಿ ಇರುವ, ಬಿಸಿ ಇರುವ ರಸಕ್ಕೆ ಸೀಸ ಬಿಡುತ್ತದೆ, ಅದು ನರಕ್ಕೆ, ಮೂತ್ರಪಿಂಡಕ್ಕೆ ಹೋಗಿ ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಅಮೆರಿಕದಲ್ಲಿ ಹಳೇ ಕಾರಿನ ರೇಡಿಯೇಟರನ್ನು ಸುರುಳಿಯ ಬದಲು ಬಳಸಿ ಹೀಗೆ ಸೀಸದ ವಿಷ ಏರಿದವರಿದ್ದಾರೆ. ಅದರ ರುಚಿ ಬಾಯಿಗೆ ಗೊತ್ತಾಗುವುದಿಲ್ಲ. ನಾನು ಹಾಕಿದ ರಬ್ಬರ್ ಗ್ಯಾಸ್ಕೆಟ್ ಸಹ ಆಹಾರಕ್ಕೆ ಆಗುವಂಥದ್ದಲ್ಲ, ಪಂಪ್‌ಸೆಟ್ಟಿನದ್ದು.

ಕಾನೂನು ಕೇಳಿದ್ದು ಇದೆಲ್ಲ ಆದ ಮೇಲೆ. ಮೊದಲು ಕೇಳಬೇಕಿತ್ತು. ಭಾವನ ಸಹಪಾಠಿಯೊಬ್ಬರು ವಕೀಲರು, ಫೋನ್ ಮಾಡಿದೆವು. ನಾನು ಸ್ಪೀಕರಿಗೆ ಹಾಕಿ ಕೇಳಿದೆ. "ಸಾರ್, ಮನೆಯಲ್ಲಿ ಸ್ವಂತಕ್ಕೆ ಎಷ್ಟು ಲೀಟರ್ ತನಕ ಮಾಡಬಹುದು?"

"ಒಂದು ಹನಿಯೂ ಇಲ್ಲ."

"ಮೂರು ಲೀಟರ್ ಇಟ್ಟುಕೊಳ್ಳಬಹುದು ಅಂತಾರಲ್ಲ ಸಾರ್?"

ಅದು ಅಂಗಡಿಯಿಂದ ಬಿಲ್ ಸಮೇತ ತಂದ ಬಾಟಲಿಯ ಲೆಕ್ಕ, ತಯಾರಿಸಿದ್ದಕ್ಕಲ್ಲ, ಅಂದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಕೇರಳದ ಅಬ್ಕಾರಿ ಕಾಯ್ದೆ ಮಲಯಾಳ ಪಂಚಾಂಗದ ಕೊಲ್ಲವರ್ಷ 1077ರದ್ದು, ಹಳೆಯದು, ಆದರೆ ಶಿಕ್ಷೆಗಳನ್ನು ಆಮೇಲೆ ಬಹಳ ಬಿಗಿ ಮಾಡಿದ್ದಾರೆ. ಸಾರಾಯಿ 1996ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ನಿಷೇಧ. 55ನೇ ಕಲಂ ಪ್ರಕಾರ ಪರವಾನಿಗೆ ಇಲ್ಲದೆ ಮದ್ಯ ತಯಾರಿಸಿದರೆ 10 ವರ್ಷದ ತನಕ ಜೈಲು, ದಂಡ 1 ಲಕ್ಷಕ್ಕೆ ಕಡಿಮೆ ಇಲ್ಲ. ಮಾರಿದರೆ ಮಾತ್ರ ಅಂತ ಇಲ್ಲ. ನಾವು ತಲೆ ಕೆಡಿಸಿಕೊಂಡದ್ದು ಅವರು ಮುಂದೆ ಹೇಳಿದ ಮಾತಿಗೆ. ಮದ್ಯ ತಯಾರಿಸುವ ಉದ್ದೇಶಕ್ಕೆ ಬಟ್ಟಿ ಪಾತ್ರೆ, ಸಾಮಗ್ರಿ ಇಟ್ಟುಕೊಂಡರೂ ಅದೇ ಕಲಂ, ಅದೇ ಶಿಕ್ಷೆ. ಪಾತ್ರೆ ಯಾಕಿತ್ತು ಅಂತ ಸಮಾಧಾನವಾಗುವ ವಿವರಣೆ ಕೊಡುವ ಭಾರ ನಮ್ಮ ಮೇಲೇ ಬರುತ್ತದೆ.

"ನೀರು ಮಾತ್ರ ಕುದಿಸಿದ್ದು ಸಾರ್" ಅಂದೆ.

"ಅದನ್ನು ಕೋರ್ಟಿನಲ್ಲಿ ಹೇಳುವ ತನಕ ಎಷ್ಟು ದಿನ ಒಳಗೆ ಇರ್ತೀರಿ ಅಂತ ಯೋಚನೆ ಮಾಡಿ. ಇವು ಠಾಣೆಯಲ್ಲಿ ಜಾಮೀನು ಸಿಗುವ ಕೇಸುಗಳಲ್ಲ." ಆಮೇಲೆ ಭಾವನಿಗೆ ಹೇಳಿದರು, ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನವೀಕರಣವೇ ಕಷ್ಟ ಅಂತ. ಭಾವ ಫೋನ್ ಇಟ್ಟವರು ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕ, ಎರಡು ಮಕ್ಕಳು, ಮನೆಸಾಲ, ಎಲ್ಲ ಆ ಪಾಸ್‌ಪೋರ್ಟಿನ ಮೇಲೆ ನಿಂತಿತ್ತು. ಗಡಿಯಾಚೆ ಹೋದರೆ ಬೇರೆಯೇನೂ ಇಲ್ಲ, ಕರ್ನಾಟಕದಲ್ಲೂ ಪರವಾನಿಗೆ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧವೇ, ಸಾರಾಯಿಯನ್ನು ಅಲ್ಲಿ 2007ರಲ್ಲಿ ನಿಲ್ಲಿಸಿದ್ದಾರೆ. ಅಲ್ಲಿಯ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಈಚೆ ತಂದರೂ ಕೇಸು ಆಗುತ್ತದೆ. ಇದು ಗಡಿಯಲ್ಲಿರುವ ನಮಗೆ ದಿನಾ ಕಾಣುವ ವಿಷಯವಾದರೂ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಇನ್ನು ಕಣ್ಣಿನ ವಿಷಯ. ಕಳ್ಳಬಟ್ಟಿ ಅಂದರೆ ಎಲ್ಲರ ಬಾಯಲ್ಲೂ ಬರುವುದು ಕಣ್ಣು ಹೋಗುವುದು. ನನ್ನ ಸುಟ್ಟ ಕೈ ನೋಡಿ, ವಿಷಯ ತಿಳಿದ ಮೇಲೆ, ಅಮ್ಮ ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಅವರ ತವರಿನ ಕಡೆಯ ಒಬ್ಬರ ಕಥೆ ಹೇಳಿದರು. ರಾತ್ರಿ ಎಲ್ಲಿಂದಲೋ ತಂದ ಗಂಗಸರ (ಕಳ್ಳಬಟ್ಟಿ) ಕುಡಿದು ಮಲಗಿದವರು, ಮರುದಿನ ಸಂಜೆ ಹೊತ್ತಿಗೆ ಅಂಗಳದಲ್ಲಿ ನಿಂತು "ಇದೆಂಥ ಮಂಜು, ಏನೂ ಕಾಣುವುದಿಲ್ಲ" ಅಂದರಂತೆ. ಬಿಸಿಲು ಚೆನ್ನಾಗಿಯೇ ಇತ್ತಂತೆ. ಆ ಮಂಜು ಮತ್ತೆ ಸರಿಯಲೇ ಇಲ್ಲ.

ಅದು ಮೆಥನಾಲ್. ಎಥನಾಲಿನ ಹಾಗೇ ಕಾಣುತ್ತದೆ, ವಾಸನೆಯೂ ಹೆಚ್ಚು ಕಮ್ಮಿ ಹಾಗೇ. ಹೊಟ್ಟೆಗೆ ಹೋದ ಮೇಲೆ ಪಿತ್ತಜನಕಾಂಗ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ, ಚಿಗಳಿ ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ. ಆ ಆಮ್ಲ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. 10 ಮಿಲಿ ಶುದ್ಧ ಮೆಥನಾಲ್ ಕಣ್ಣು ತೆಗೆಯಬಲ್ಲದು, 30 ಮಿಲಿ ಜೀವ ತೆಗೆಯಬಲ್ಲದು. ತೊಂದರೆ ಕಾಣಿಸಿಕೊಳ್ಳಲು ಅರ್ಧ ದಿನ, ಒಂದು ದಿನ ಹಿಡಿಯುವುದರಿಂದ ಸಾಮಾನ್ಯ ಅಮಲು ಅಂತ ಮಲಗಿಬಿಡುತ್ತಾರೆ. ಕಣ್ಣು ಮಂಜಾಯಿತು, ಹೊಟ್ಟೆ ನೋವು, ಉಸಿರು ಜೋರಾಯಿತು ಅಂದರೆ ಒಂದು ಗಂಟೆಯೂ ಕಾಯಬಾರದು, ಕುಡಿದದ್ದು ಏನು ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಸಮಯಕ್ಕೆ ತಲುಪಿದರೆ ಪ್ರತಿಮದ್ದು ಇದೆ, ಡಯಾಲಿಸಿಸ್ ಇದೆ. ಕೇಸಿಗೆ ಹೆದರಿ ಮನೆಯಲ್ಲೇ ಇಟ್ಟುಕೊಂಡವರು ಹೋದರು.

ಮೆಥನಾಲ್ ಬಗ್ಗೆ ನಾನು ನಂಬಿದ್ದ ಒಂದು ಮಾತು ಸುಳ್ಳಾಯಿತು. "ಮೊದಲು ಬರುವ ಒಂದು ಲೋಟ ಚೆಲ್ಲಿದರೆ ಆಯ್ತು, ವಿಷ ಎಲ್ಲ ಅದರಲ್ಲೇ ಹೋಗ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಎಥನಾಲ್ 78ಕ್ಕೆ, ಹಾಗಾಗಿ ಲೆಕ್ಕ ಸರಿ ಅಂತ ನನಗೂ ಅನ್ನಿಸಿತ್ತು. ಆದರೆ ಹಂಡೆಯಲ್ಲಿ ಅವು ಬೇರೆ ಬೇರೆ ಕೂತಿರುವುದಿಲ್ಲ, ನೀರಿನ ಜೊತೆ ಬೆರೆತಿರುತ್ತವೆ. ಅಂಥ ರಸ ಕುದಿಯಲು ಶುರುವಾಗುವುದೇ 90 ಡಿಗ್ರಿ ದಾಟಿದ ಮೇಲೆ, ಆಗ ಎಲ್ಲವೂ ಒಟ್ಟಿಗೆ ಆವಿಯಾಗುತ್ತವೆ. ಮೆಥನಾಲ್ ಮೊದಲಿನಿಂದ ಕೊನೆಯ ತನಕ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಮೊದಲ ಪಾಲನ್ನು ಚೆಲ್ಲುವುದು ಬೇರೆ ಕೆಟ್ಟ ವಾಸನೆಯ ವಸ್ತುಗಳಿಗೆ.

ಧಾನ್ಯದಿಂದ ಮಾಡಿದ್ದರಲ್ಲಿ ಮೆಥನಾಲ್ ಬಹಳ ಕಡಿಮೆ. ಪೆಕ್ಟಿನ್ ಎಂಬ ಅಂಟಿನಂಶ ಇರುವ ಹಣ್ಣಿನಿಂದ ಮಾಡಿದರೆ ಅದಕ್ಕಿಂತ ಜಾಸ್ತಿ. ಆದರೆ ಊರಿಗೆ ಊರೇ ಸತ್ತ ಪ್ರಕರಣಗಳಿಗೆ ಕಾರಣ ಹುಳಿರಸ ಅಲ್ಲ, ಕಾರ್ಖಾನೆಯ ಮೆಥನಾಲನ್ನೇ ತಂದು ಬೆರೆಸಿದ್ದು. 1982ರ ಓಣಂ ಸಮಯದಲ್ಲಿ ಕೊಚ್ಚಿಯ ಹತ್ತಿರ ವೈಪಿನ್‌ನಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. 2008ರ ಮೇಯಲ್ಲಿ ಬೆಂಗಳೂರಿನ ಆಸುಪಾಸು ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ 150 ದಾಟಿತು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು.

"ಹಾಗಾದರೆ ನಾವೇ ಮಾಡಿದರೆ ಸೇಫ್ ಅಲ್ವಾ ಅಣ್ಣಾ?" ಅಂತ ಆ ಹುಡುಗ ಇಲ್ಲಿ ಕೇಳಿದ. ಇದೇ ಪ್ರಶ್ನೆಯನ್ನು ನಾನು ಅಬ್ಕಾರಿ ಇಲಾಖೆಯಿಂದ ನಿವೃತ್ತರಾದ ಒಬ್ಬರಿಗೆ ಕೇಳಿದ್ದೆ. ಲಾಕ್‌ಡೌನ್ ಸಡಿಲವಾದ ಮೇಲೆ ಗೇಟ್ ರಿಪೇರಿಗೆ ಬಂದಿದ್ದರು. ಅವರು ಹೇಳಿದ್ದು ಇಷ್ಟು. ತೋಡಿನ ಬದಿಯಲ್ಲಿ ಹೂತಿಟ್ಟ ಕ್ಯಾನುಗಳಿಂದ ಹಿಡಿದು ದೇವರ ಕೋಣೆಯಲ್ಲಿಟ್ಟ ಹುಳಿರಸದ ತನಕ ಅವರು ಹಿಡಿದಿದ್ದಾರೆ. ಮೊದಲ ಸಲ ಸಿಕ್ಕಿಬಿದ್ದವರೆಲ್ಲ ಹೇಳುವುದು ಸ್ವಂತಕ್ಕೆ ಅಂತಲೇ. ಅದು ಸುಳ್ಳೂ ಅಲ್ಲ. ಆದರೆ ಹತ್ತು ಲೀಟರ್ ಇಳಿಸಿದವನು ಒಬ್ಬನೇ ಕುಡಿಯುವುದಿಲ್ಲ. ನೆಂಟರಿಗೆ ಕೊಡುತ್ತಾನೆ, ಬೆಲ್ಲದ ಖರ್ಚು ಕೇಳುತ್ತಾನೆ, ಆಮೇಲೆ ಯಾರೋ ಕಿಕ್ ಸಾಲದು ಅನ್ನುತ್ತಾರೆ, ಕಾರ್ಖಾನೆಯ ಸ್ಪಿರಿಟ್ ಬರುವುದು ಆಗ. ಅವರು ಹೇಳುವಾಗ ಬಯ್ಗುಳ ಇರಲಿಲ್ಲ, ಬೇಸರ ಇತ್ತು.

ಆ ವಾರವೇ ಭಾವ ಮತ್ತು ನಾನು ಎಲ್ಲ ಬಿಚ್ಚಿದೆವು. ಮುಚ್ಚಳ ಎರಡು ತುಂಡು, ಸುರುಳಿ ಗುಜರಿಗೆ. ಪೈಪಿಗಾಗಿ ಕೊರೆದ ತೂತಿಗೆ ತಾಮ್ರದ ತೇಪೆ ಹಾಕಿ ಹಂಡೆಯನ್ನು ಬಚ್ಚಲಿಗೆ ಕೊಟ್ಟೆ. ಅಮ್ಮ ಈಗ ಅದರಲ್ಲೇ ಸ್ನಾನದ ನೀರು ಕಾಯಿಸುತ್ತಾರೆ.

ವಿಸ್ಕಿಯ ಕುತೂಹಲ ಹೋಗಿಲ್ಲ, ಹೋಗಬೇಕು ಅಂತಲೂ ಇಲ್ಲ. ಆದರೆ ನಾವು ಬಟ್ಟಿಯಿಂದ ಇಳಿಸಿದ್ದರೂ ಅದು ವಿಸ್ಕಿ ಆಗುತ್ತಿರಲಿಲ್ಲ. ಇಳಿದು ಬರುವುದು ನೀರಿನ ಹಾಗೆ ಬಣ್ಣ ಇಲ್ಲದ ಹಸಿ ಸ್ಪಿರಿಟ್. ಸ್ಕಾಟ್‌ಲ್ಯಾಂಡಿನ ನಿಯಮದಲ್ಲಿ ಓಕ್ ಮರದ ಪೀಪಾಯಿಯಲ್ಲಿ ಕಡಿಮೆ ಅಂದರೆ 3 ವರ್ಷ ಇಡಬೇಕು, ಬಣ್ಣ ರುಚಿ ಹೆಚ್ಚಿನದು ಬರುವುದು ಅಲ್ಲಿ. ಅಲ್ಲಿಯ ಚಳಿಗೆ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ, ಬೆಂಗಳೂರಿನ ಸೆಕೆಗೆ ಶೇಕಡಾ 10ರ ಮೇಲೆ. ಆದರೂ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು ಅಂತ ಓದಿದಾಗ ನನಗೆ ಹೆಮ್ಮೆ ಅನ್ನಿಸಿತು. ನಮ್ಮ ಗೇರುಹಣ್ಣಿಗೂ ದಾರಿ ಇಲ್ಲದಿಲ್ಲ. ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನ ಫೆನಿ ಮಾಡಲು 2022ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು. ನಮ್ಮ ಗುಡ್ಡೆಯಲ್ಲಿ ಕೊಳೆಯುವ ಹಣ್ಣಿಗೂ ಹಾಗೆ ಪರವಾನಿಗೆಯ ದಾರಿ ಸಿಗಲಿ ಅಂತ ನನ್ನ ಆಸೆ.

ಮರುವರ್ಷ ಏಪ್ರಿಲ್‌ನಲ್ಲಿ ಭಾವ ರಜೆಗೆ ಬಂದಾಗ ಇಬ್ಬರೂ ರೈಲು ಹತ್ತಿ ಗೋವಾಕ್ಕೆ ಹೋದೆವು. ಪರವಾನಿಗೆ ಇರುವ ಒಂದು ಫೆನಿ ಬಟ್ಟಿ, ಬಿಸಿಲಿನಲ್ಲಿ ಸೋಗೆಯ ಮಾಡಿನ ಕೆಳಗೆ. ತಾಮ್ರದ ಭಾಣದಲ್ಲಿ ಗೇರುಹಣ್ಣಿನ ರಸ ಕುದಿಯುತ್ತಿತ್ತು. ಮೊದಲ ಸಲ ಇಳಿದದ್ದು ಉರಾಕ್, ಶೇಕಡಾ 15ರ ಹತ್ತಿರ. ಅದನ್ನು ರಸದ ಜೊತೆ ಮತ್ತೆ ಇಳಿಸಿದರೆ ಫೆನಿ, 40ರ ಮೇಲೆ. ನಾನು ನೋಡಿದ್ದು ಭಾಣದ ಬಾಯಿಯನ್ನು. ಹುತ್ತದ ಮಣ್ಣನ್ನು ನೀರಿನಲ್ಲಿ ಕಲಸಿ ಸುತ್ತ ಮೆತ್ತಿದ್ದರು. ಬೋಲ್ಟ್ ಇಲ್ಲ, ರಬ್ಬರ್ ಇಲ್ಲ. ನಾನು ಕೈ ತೋರಿಸಿ ಕೇಳಿದ್ದಕ್ಕೆ ಅಲ್ಲಿಯ ಅಜ್ಜ ಒಣಗಿದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒಂದು ಚಕ್ಕೆ ಎಬ್ಬಿಸಿ ತೋರಿಸಿದರು, ಮತ್ತೆ ಹಸಿ ಮಣ್ಣು ಸವರಿದರು.

ಹುಡುಗ ಕೇಳಿ ಹೋದ. ಎರಡು ದಿನ ಬಿಟ್ಟು ಮೆಸೇಜ್ ಮಾಡಿದ, ಗೋವಾದ ಆ ಜಾಗಕ್ಕೆ ಹೊರಗಿನವರನ್ನು ಬಿಡ್ತಾರಾ ಅಂತ. ಗೇರುಹಣ್ಣಿನ ಕಾಲದಲ್ಲಿ ಬಿಡ್ತಾರೆ, ಮುಂದಿನ ಸಲ ಹೋಗುವಾಗ ಹೇಳ್ತೇನೆ ಅಂದಿದ್ದೇನೆ. ಭಾವನೂ ಬರುವವರಿದ್ದಾರೆ.